‘ಟೆಕ್ಕಿ ಸಾವು’: ಮನೆಯಲ್ಲಿ ಯಾರೂ ಆಡದ ಪದ ಸುದ್ದಿಯಲ್ಲಿ ಯಾಕೆ?

ತಿಪಟೂರಿನವಳು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ವಿಷಯ ಇಲ್ಲಿ ಇಡುತ್ತಿದ್ದೇನೆ. ಪತ್ರಿಕೆಯಲ್ಲಿ ಕೆಲಸ ಮಾಡುವವರು, ಭಾಷೆ ಓದಿಕೊಂಡವರು ಇಲ್ಲಿ ಇದ್ದೀರಿ. ಸ್ವಲ್ಪ ಬಿಡಿಸಿ ಹೇಳಿ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಒಂಬತ್ತು ವರ್ಷ ಆಯಿತು. ಊರಿನಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಇಲ್ಲೇ, ಇದೇ ಕೆಲಸದಲ್ಲಿದ್ದ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸ್ ಚಿಕ್ಕವನು. ಎರಡು ವರ್ಷದ ಹಿಂದೆ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ಹೊರವರ್ತುಲ ರಸ್ತೆಯಲ್ಲಿ ಲಾರಿ ಗುದ್ದಿ ತೀರಿಕೊಂಡ. ಮರುದಿನ ಒಂದು ಪತ್ರಿಕೆಯಲ್ಲಿ ಒಂದು ಕಾಲಂ ಸುದ್ದಿ ಬಂತು. ತಲೆಬರಹ ‘ಲಾರಿ ಡಿಕ್ಕಿ: ಟೆಕ್ಕಿ ಸಾವು’.

ಕಾರ್ಯಕ್ಕೆ ಊರಿಗೆ ಹೋದಾಗ ಅವನ ಅಮ್ಮ ಆ ತುಂಡನ್ನು ದೇವರ ಗೂಡಿನಿಂದ ತೆಗೆದು ತಂದರು. ಮಡಚಿದರೆ ಹರಿಯುತ್ತದೆ ಅಂತ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದರು. ಏಳನೇ ಕ್ಲಾಸ್ ಓದಿದವರು, ದಿನಾ ಪೇಪರ್ ನೋಡುತ್ತಾರೆ. ಆ ಪದದ ಮೇಲೆ ಬೆರಳಿಟ್ಟು ಕೇಳಿದರು: ‘ಟೆಕ್ಕಿ ಅಂದ್ರೆ ಏನಮ್ಮ? ಏನಾದ್ರೂ ಕೆಟ್ಟ ಮಾತಾ?’

ಅಲ್ಲಮ್ಮ, ಸಾಫ್ಟ್‌ವೇರಿನಲ್ಲಿ ಕೆಲಸ ಮಾಡೋರಿಗೆ ಹಾಗಂತಾರೆ ಅಂದೆ. ‘ನಿನ್ನನ್ನೂ ಹಾಗೇ ಕರೀತಾರಾ?’ ಅಂದರು. ಯೋಚಿಸಿ ನೋಡಿದೆ. ಒಂಬತ್ತು ವರ್ಷದಲ್ಲಿ ಒಬ್ಬರೂ ನನ್ನನ್ನು ಟೆಕ್ಕಿ ಅಂತ ಕರೆದಿಲ್ಲ. ನಮ್ಮಮ್ಮ ‘ಮಗಳು ಸಾಫ್ಟ್‌ವೇರಿನಲ್ಲಿದ್ದಾಳೆ’ ಅನ್ನುತ್ತಾರೆ. ಮನೆ ಮಾಲೀಕರು ‘ಐಟಿನಲ್ಲಿರೋ ಹುಡುಗಿ’ ಅನ್ನುತ್ತಾರೆ. ಆಫೀಸಿನಲ್ಲಿ ಟೆಸ್ಟರ್, ಡೆವಲಪರ್, ಲೀಡ್. ಗಂಡು ನೋಡುವವರು ‘ಎಂಜಿನಿಯರ್ ಹುಡುಗ’ ಅನ್ನುತ್ತಾರೆಯೇ ಹೊರತು ‘ಟೆಕ್ಕಿ ಅಳಿಯ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಬಾಯಲ್ಲಿ ಇಲ್ಲದ ಪದ ಪತ್ರಿಕೆಯಲ್ಲಿ ಮಾತ್ರ ಯಾಕೆ ಇದೆ? ಇಂಗ್ಲಿಷ್ ನಿಘಂಟು ತೆಗೆದು ನೋಡಿದರೆ ಈ ಪದದ ಪಕ್ಕ ‘ಇನ್‌ಫಾರ್ಮಲ್’ ಅಂತ ಗುರುತು ಹಾಕಿದ್ದಾರೆ. ಗೆಳೆಯರ ನಡುವೆ ಸಲುಗೆಯಿಂದ ಆಡುವ ಮಾತು ಅಂತ ಅರ್ಥ. ಅಂಥ ಮಾತು ಸಾವಿನ ಸುದ್ದಿಯ ತಲೆ ಮೇಲೆ ಕೂರಬಹುದಾ? ನನಗೆ ಇದು ಸಣ್ಣ ವಿಷಯ ಅನ್ನಿಸುತ್ತಿಲ್ಲ.

ಹಳೇ ಡೆಸ್ಕಿನವನು

ತಂಗಿ, ಓದಿ ಬೇಜಾರಾಯಿತು. ನಾನು 24 ವರ್ಷ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ತಲೆಬರಹ ಕೊಡುವ ವಿಭಾಗದಲ್ಲಿ ಇದ್ದವನು, ಈಗ ನಿವೃತ್ತ. ಆ ಪದವನ್ನು ನನ್ನ ಕೈಯಾರೆ ಎಷ್ಟೋ ಸಲ ಹಾಕಿದ್ದೇನೆ. ಯಾಕೆ ಅಂತ ಹೇಳುತ್ತೇನೆ. ಸಮರ್ಥನೆ ಅಂತ ತಿಳಿಯಬೇಡಿ.

ಮೊದಲ ಕಾರಣ ಜಾಗ. ಒಂದು ಕಾಲಂ ಸುದ್ದಿಗೆ ಸಿಗುವ ಅಗಲ ಬಹಳ ಕಡಿಮೆ. ‘ಸಾಫ್ಟ್‌ವೇರ್ ಎಂಜಿನಿಯರ್’ ಅಂತ ಬರೆಯಿರಿ: ಸಾ, ಫ್ಟ್, ವೇ, ರ್, ಎಂ, ಜಿ, ನಿ, ಯ, ರ್. 9 ಅಕ್ಷರದ ಜಾಗ, ನಡುವೆ ಒಂದು ಖಾಲಿ. ಆ ಒಂದು ಪದಕ್ಕೇ ಸಾಲು ಮುಗಿದುಹೋಯಿತು. ‘ಟೆಕ್ಕಿ’ ಎರಡೇ ಅಕ್ಷರ. ಅದರ ಪಕ್ಕ ‘ಸಾವು’, ‘ಬಂಧನ’, ‘ದೂರು’ ಯಾವುದು ಬೇಕಾದರೂ ಕೂರುತ್ತದೆ. ರಾತ್ರಿ 11ಕ್ಕೆ ಪುಟ ಕಳಿಸಬೇಕು, ಇನ್ನೂ ಐದು ತಲೆಬರಹ ಬಾಕಿ ಅನ್ನುವಾಗ ಕೈ ತಾನಾಗಿ ಆ ಪದಕ್ಕೆ ಹೋಗುತ್ತದೆ.

ಇನ್ನೊಂದು, ಅಕ್ಷರ ಮೂಡಿಸುವ ಕಷ್ಟ. ಇದನ್ನು ಹೊರಗಿನವರು ನಂಬುವುದಿಲ್ಲ. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಮೂಡಿಸುವ ಈಗಿನ ಪದ್ಧತಿಯಲ್ಲಿ, ಸಾಫ್ಟ್‌ವೇರ್ ಅಂತ ಸುಮ್ನೆ ಟೈಪ್ ಮಾಡಿದರೆ ‘ವೇ’ ಕೆಳಗಿಳಿದು ಒತ್ತಾಗಿ ‘ಸಾಫ್ಟ್ವೇರ್’ ಆಗುತ್ತದೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಒತ್ತಬೇಕು. ‘ಎಂಜಿನಿಯರ್‌ಗೆ’ ಅಂತ ಬರೆಯುವಾಗಲೂ ಅದೇ ಪಾಡು, ಮರೆತರೆ ‘ಎಂಜಿನಿಯರ್ಗೆ’. ಟೆಕ್ಕಿಗೆ ಈ ರಗಳೆ ಇಲ್ಲ.

ನಾನು 1996ರಲ್ಲಿ ಕೆಲಸಕ್ಕೆ ಸೇರಿದೆ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಆಗಲೇ 11 ವರ್ಷ ಆಗಿತ್ತು, ಇನ್ಫೊಸಿಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು. ಆದರೂ ನಾವು ‘ಕಂಪ್ಯೂಟರ್ ಎಂಜಿನಿಯರ್’ ಅಂತಲೇ ಬರೆಯುತ್ತಿದ್ದೆವು. ಅಂಥವರ ಸುದ್ದಿ ವಾರಕ್ಕೊಂದೋ ಎರಡೋ. ಆಮೇಲೆ ಊರು ಬೆಳೆಯಿತು, ಸುದ್ದಿ ಜಾಸ್ತಿ ಆಯಿತು. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳು ಚಿಕ್ಕ ಪದ ಹುಡುಕಿಕೊಂಡವು. ಪೊಲೀಸರಿಗೆ ‘ಕಾಪ್’, ರಾಜಕಾರಣಿಗೆ ‘ನೇತಾ’, ಬಂಧನಕ್ಕೆ ‘ನ್ಯಾಬ್’, ನಿಮಗೆ ‘ಟೆಕಿ’. ನಾವು ಅದಕ್ಕೊಂದು ಒತ್ತು ಸೇರಿಸಿ ‘ಟೆಕ್ಕಿ’ ಮಾಡಿಕೊಂಡೆವು.

ಧಾರವಾಡ ಪೇಡೆ

ನಾನು ಹುಬ್ಬಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವನು. ನನಗೆ ಈ ಪದದ ಬಗ್ಗೆ ಸಿಟ್ಟಿಲ್ಲ. ಚಿಕ್ಕದು, ಚೆನ್ನಾಗಿದೆ, ಎಲ್ಲರಿಗೂ ತಿಳಿಯುತ್ತದೆ. ಪೊಲೀಸರಿಗೆ ನಾವು ‘ಖಾಕಿ’ ಅನ್ನುವುದಿಲ್ಲವಾ?

2022ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಮಳೆನೀರು ನಿಂತು ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ‘ಟ್ರ್ಯಾಕ್ಟರ್ ಏರಿದ ಟೆಕ್ಕಿಗಳು’ ಅಂತ ಬರೆದರೆ ಆ ಚಿತ್ರ ಪೂರ್ತಿ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಬೇರೆ ಯಾವ ಪದ ಹಾಕುತ್ತೀರಿ ಹೇಳಿ. ಪದ ತಪ್ಪಲ್ಲ ಅನ್ನುವುದು ನನ್ನ ಮಾತು.

ಹಾಸನದ ಮೇಷ್ಟ್ರು

ಧಾರವಾಡದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಪದ ಕನ್ನಡಕ್ಕೆ ಬಹಳ ಸಲೀಸಾಗಿ ಹೊಂದಿಕೊಂಡಿದೆ. ಅಕ್ಕಿ, ಹಕ್ಕಿ, ಡಿಕ್ಕಿ, ಟೆಕ್ಕಿ. ನಮ್ಮ ನಾಲಗೆಗೆ ಆ ಒತ್ತು ಬೇಕು, ಕೊನೆಯಲ್ಲಿ ಒಂದು ಸ್ವರ ಬೇಕು. ‘ಟೆಕಿ’ಯಲ್ಲಿ ಇಲ್ಲದ ಒತ್ತು ಬಂದದ್ದು ಹಾಗೆ. ಟೆಕ್ಕಿಯ, ಟೆಕ್ಕಿಗೆ, ಟೆಕ್ಕಿಯನ್ನು, ಟೆಕ್ಕಿಯಿಂದ. ವಿಭಕ್ತಿ ಎಲ್ಲ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬರುತ್ತದೆ. ಇಂಗ್ಲಿಷಿನಿಂದ ಬಂದದ್ದು ಅನ್ನುವ ಕಾರಣಕ್ಕೆ ನಾನು ಇದನ್ನು ಬೇಡ ಅನ್ನುವುದಿಲ್ಲ. ಬಸ್ಸು, ಕಾರು, ಡಾಕ್ಟರು ಎಲ್ಲ ಹಾಗೇ ಬಂದವು.

ಆದರೆ ಬರುವಾಗ ಒಂದು ಕಳೆದುಕೊಂಡು ಬಂದಿದೆ. ಇಂಗ್ಲಿಷಿನಲ್ಲಿ ಕೊನೆಗೆ ಆ ‘ಈ’ ಸೇರಿಸುವುದು ಸಲುಗೆಗೆ. ಆಂಟಿ, ಫುಡಿ, ರೂಕಿ, ಸೆಲ್ಫಿ ಇವುಗಳಲ್ಲೆಲ್ಲ ಅದಿದೆ. ಇಂಗ್ಲಿಷ್ ಓದುಗನಿಗೆ ಪದ ನೋಡಿದ ಕೂಡಲೇ ಅದರ ಹಗುರ ಗೊತ್ತಾಗುತ್ತದೆ. ಕನ್ನಡ ಓದುಗನಿಗೆ ಆ ಬಾಲ ಸಲುಗೆಯ ಬಾಲ ಅಂತ ಕಾಣುವುದಿಲ್ಲ. ಅದಕ್ಕೇ ಆ ತಾಯಿ ‘ಕೆಟ್ಟ ಮಾತಾ?’ ಅಂತ ಕೇಳಿದ್ದು. ಪದದೊಳಗೆ ಏನೋ ಹಗುರ ಇದೆ ಅಂತ ಅವರಿಗೆ ತಾಗಿದೆ, ಏನು ಅಂತ ಹಿಡಿಯಲು ಆಗಿಲ್ಲ.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಕನ್ನಡದಲ್ಲಿ ಕಸುಬಿನ ಹೆಸರಿಗೆ ಗೌರವದ ಒಂದು ರೂಪ ಇರುತ್ತದೆ. ಒಬ್ಬರೇ ಬಂದರೂ ‘ಡಾಕ್ಟರು ಬಂದರು’, ‘ಮೇಷ್ಟ್ರು ಬಂದರು’, ‘ವಕೀಲರು ಬಂದರು’ ಅನ್ನುತ್ತೇವೆ. ರಸ್ತೆ ಅಳೆಯಲು ಬಂದವರಿಗೂ ‘ಎಂಜಿನಿಯರು ಬಂದವ್ರೆ’ ಅಂತ ನಮ್ಮ ಹಳ್ಳಿಯಲ್ಲಿ ಹೇಳುತ್ತಾರೆ. ‘ಇ’ ಸ್ವರದಲ್ಲಿ ಮುಗಿಯುವ ಪದಗಳಿಗೆ ‘ಗಳು’ ಬರುತ್ತದೆ. ಮಂತ್ರಿಗಳು, ಅಧಿಕಾರಿಗಳು, ಸ್ವಾಮಿಗಳು. ಅದೂ ಒಬ್ಬರಿಗೇ ಹೇಳುವ ಗೌರವವೇ. ಮುಖ್ಯಮಂತ್ರಿಗಳು ಅಂದರೆ ನಾಲ್ಕು ಜನ ಅಲ್ಲವಲ್ಲ.

ಟೆಕ್ಕಿಗೆ ಇದನ್ನು ಹಚ್ಚಿ ನೋಡಿ. ‘ಟೆಕ್ಕಿಗಳು ಬಂದರು’ ಅಂದರೆ ಗುಂಪು ಬಂದ ಹಾಗೆ. ಒಬ್ಬರಿಗೆ ಗೌರವ ಕೊಟ್ಟು ಹೇಳುವ ದಾರಿಯೇ ಆ ಪದದಲ್ಲಿ ಇಲ್ಲ. ಕರೆದು ನೋಡಿ. ಡಾಕ್ಟ್ರೇ, ಮೇಷ್ಟ್ರೇ, ಕಂಡಕ್ಟ್ರೇ, ಸಾಹುಕಾರ್ರೇ. ‘ಟೆಕ್ಕಿಯವರೇ’ ಅಂತ ಯಾರನ್ನಾದರೂ ಎದುರಿಗೆ ಕರೆಯಲು ಬಾಯಿ ಬರುತ್ತದಾ? ಎದುರಿಗೆ ನಿಂತವರನ್ನು ಕರೆಯಲು ಬಾರದ ಪದವನ್ನು ನಾವು ಬೆನ್ನ ಹಿಂದೆ ಮಾತ್ರ ಬಳಸುತ್ತಿದ್ದೇವೆ. ತೀರಿಕೊಂಡವರಿಗೆ ಬಳಸುವುದು ಇನ್ನೂ ಕಷ್ಟ. ಅವರಿಗೆ ಎದುರು ಮಾತಾಡಲು ಆಗುವುದಿಲ್ಲ.

ಧಾರವಾಡ ಪೇಡೆ

ಮೇಷ್ಟ್ರೇ, ಈ ಗೌರವದ ಮಾತು ನನಗೆ ಹೊಳೆದೇ ಇರಲಿಲ್ಲ. ಮನೆಯಲ್ಲಿ ಹೆಂಡತಿಗೆ ‘ಟೆಕ್ಕಿಯವರೇ ಊಟಕ್ಕೆ ಬರ್ರಿ ಅಂತ ಕರಿ ನೋಡೋಣ’ ಅಂದೆ. ಅವಳಿಗೂ ಬಾಯಿ ಬರಲಿಲ್ಲ. ಸರಿ, ಹಾಗಾದರೆ ‘ತಂತ್ರಜ್ಞ’ ಅಂತ ಬರೆಯಬಹುದಲ್ಲ? ತಂತ್ರಜ್ಞರು ಅಂದರೆ ಗೌರವವೂ ಬಂತು.

ಹಾಸನದ ಮೇಷ್ಟ್ರು

ಬರೆಯಬಹುದಿತ್ತು. ಆದರೆ ಆ ಪದವನ್ನು ಕನ್ನಡ ಸಿನಿಮಾದವರು ಆಗಲೇ ತಮ್ಮದು ಮಾಡಿಕೊಂಡಿದ್ದಾರೆ. ‘ಕಲಾವಿದರು ಮತ್ತು ತಂತ್ರಜ್ಞರು’ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕ್ಯಾಮೆರಾ, ಲೈಟು, ಎಡಿಟಿಂಗ್ ಮಾಡುವವರು. ಸಾಫ್ಟ್‌ವೇರ್ ಹುಡುಗನನ್ನು ತಂತ್ರಜ್ಞ ಅಂದರೆ ಆ ತಾಯಿಗೆ ಅದೂ ತಿಳಿಯುತ್ತಿರಲಿಲ್ಲ.

ಬೇ ಏರಿಯಾ ಬಸವ

ಮೇಷ್ಟ್ರು ಹೇಳಿದ್ದಕ್ಕೆ ಇಲ್ಲಿಂದ ಒಂದು ಸೇರಿಸುತ್ತೇನೆ. ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಮೆರಿಕದಲ್ಲೂ ನಾಟಕದ ರಂಗದ ಹಿಂದೆ ಲೈಟು, ಸೌಂಡು, ಸೆಟ್ಟು ನೋಡಿಕೊಳ್ಳುವವರಿಗೆ ‘ಟೆಕಿ’ ಅನ್ನುತ್ತಾರೆ. ನನ್ನ ಮಗಳು ಹೈಸ್ಕೂಲ್ ನಾಟಕದಲ್ಲಿ ಪರದೆ ಎಳೆಯುತ್ತಾಳೆ. ‘ನಾನು ಟೆಕಿ’ ಅಂತ ಹೆಮ್ಮೆಯಿಂದ ಹೇಳುತ್ತಾಳೆ. ಅಂದರೆ ನಮ್ಮ ಸಿನಿಮಾದ ‘ತಂತ್ರಜ್ಞರು’ ಇದ್ದಾರಲ್ಲ, ಸರಿಯಾಗಿ ಅದೇ. ಎರಡು ಭಾಷೆ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬಂದು ನಿಂತಿವೆ ನೋಡಿ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ಪದಕ್ಕೆ ಬೇರೆ ಬಣ್ಣ. 2013ರ ಡಿಸೆಂಬರಿನಲ್ಲಿ ಗೂಗಲ್ ಉದ್ಯೋಗಿಗಳನ್ನು ಕರೆದೊಯ್ಯುವ ಬಸ್ಸನ್ನು ಜನ ಅಡ್ಡಗಟ್ಟಿದರು. ಮನೆ ಬಾಡಿಗೆ ಏರಿ ಹಳಬರು ಊರು ಬಿಡಬೇಕಾಗಿ ಬಂದ ಸಿಟ್ಟು ಅದು. ಆಮೇಲೆ ‘ಟೆಕಿ’ ಅಂದರೆ ಊರನ್ನು ತುಟ್ಟಿ ಮಾಡಿದವರು ಅನ್ನುವ ಅರ್ಥ ಅಂಟಿಕೊಂಡಿತು. ಬೆಂಗಳೂರಿನಲ್ಲೂ ಸ್ವಲ್ಪ ಹಾಗೇ ಅಲ್ವಾ? ಆ ಪದದೊಳಗೆ ‘ಕೈ ತುಂಬಾ ಸಂಬಳ ತಗೊಳ್ಳೋರು’ ಅನ್ನುವ ಒಂದು ಧ್ವನಿ ಇದೆ. ಸುದ್ದಿಗೆ ಬೇಕಾಗಿರುವುದು ಆ ಧ್ವನಿಯೇ ಏನೋ.

ಇಂಗ್ಲಿಷ್ ಪತ್ರಕರ್ತರಿಗೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನವರ ಶೈಲಿ ಪುಸ್ತಕದಲ್ಲಿ ‘ಕಾಪ್’ ಪದದ ಬಗ್ಗೆ ಎಚ್ಚರಿಕೆ ಇದೆ. ಲಘು ಬರಹಕ್ಕೆ ಆಗಬಹುದು, ಗಂಭೀರ ಪೊಲೀಸ್ ಸುದ್ದಿಗೆ ಹೊಂದುವುದಿಲ್ಲ ಅಂತ. ಬ್ರಿಟನ್ನಿನಲ್ಲಿ ವಿಜ್ಞಾನಿಗಳಿಗೆ ಟ್ಯಾಬ್ಲಾಯ್ಡ್ ಪತ್ರಿಕೆಗಳು ‘ಬಾಫಿನ್’ ಅನ್ನುತ್ತವೆ. ಎರಡನೇ ಮಹಾಯುದ್ಧದಲ್ಲಿ ರಾಯಲ್ ಏರ್‌ಫೋರ್ಸಿನವರು ತಮಗಾಗಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಿಗೆ ಬಳಸಿ ಹಬ್ಬಿಸಿದ ಸಲುಗೆ ಮಾತು ಅದು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ಅನ್ನುವ ಭೌತವಿಜ್ಞಾನ ಸಂಸ್ಥೆ ‘ಬಿನ್ ದ ಬಾಫಿನ್’ (ಬಾಫಿನ್ ಪದವನ್ನು ಕಸದ ಬುಟ್ಟಿಗೆ ಹಾಕಿ) ಅಂತ ಅಭಿಯಾನವನ್ನೇ ನಡೆಸಿತು. ಆ ಪದ ಓದಿದ ಮಕ್ಕಳ ಕಣ್ಣಿಗೆ ಬಿಳಿ ಕೋಟಿನ ವಯಸ್ಸಾದ ಗಂಡಸೊಬ್ಬ ಬರುತ್ತಾನೆ, ವಿಜ್ಞಾನ ನಮಗಲ್ಲ ಅಂತ ಹುಡುಗಿಯರು ಹಿಂದೆ ಸರಿಯುತ್ತಾರೆ ಅನ್ನುವುದು ಅವರ ಕಳವಳ. ಅಲ್ಲೂ ಮೂಲ ಕಾರಣ ನಮ್ಮ ಡೆಸ್ಕಿನ ಅಣ್ಣ ಹೇಳಿದ್ದೇ. ‘ಸೈಂಟಿಸ್ಟ್’ಗಿಂತ ‘ಬಾಫಿನ್’ ಚಿಕ್ಕದು.

ಕ್ರೈಂ ಬೀಟ್

ನಾನು ಈಗಲೂ ವರದಿಗಾರಿಕೆಯಲ್ಲಿರುವವಳು. ಹೆಸರು, ಸಂಸ್ಥೆ ಬೇಡ. ಪದ ಎಲ್ಲಿ ಒಳಗೆ ಬರುತ್ತದೆ ಅಂತ ಮಾತ್ರ ಹೇಳುತ್ತೇನೆ.

ಎಫ್‌ಐಆರ್‌ನಲ್ಲಿ ‘ವೃತ್ತಿ’ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಬರೆಯುವುದು ‘ಖಾಸಗಿ ಕೆಲಸ’ ಅಂತ. ನಾವು ಠಾಣೆಗೆ ಫೋನ್ ಮಾಡಿ ಏನು ಕೆಲಸ ಸಾರ್ ಅಂದರೆ ‘ಯಾವುದೋ ಸಾಫ್ಟ್‌ವೇರ್ ಕಂಪನಿಯಂತೆ’ ಅನ್ನುತ್ತಾರೆ. ನಾನು ‘ಸಾಫ್ಟ್‌ವೇರ್ ಕಂಪನಿ ಉದ್ಯೋಗಿ’ ಅಂತ ಸುದ್ದಿ ಬರೆದು ಕಳಿಸುತ್ತೇನೆ. ಪುಟಕ್ಕೆ ಬರುವಾಗ ಟೆಕ್ಕಿ ಆಗಿರುತ್ತದೆ. ಆ ವ್ಯಕ್ತಿ ಅಲ್ಲಿ ಲೆಕ್ಕಪತ್ರ ನೋಡುತ್ತಿದ್ದರೋ, ಹೊಸಬರನ್ನು ನೇಮಿಸುವ ವಿಭಾಗದಲ್ಲಿದ್ದರೋ ಯಾರಿಗೂ ಗೊತ್ತಿಲ್ಲ. ಒಮ್ಮೆ ನಾನು ಬರೆದ ಸುದ್ದಿಯ ‘ಟೆಕ್ಕಿ’ ಕಂಪನಿಯೊಂದರ ಕ್ಯಾಂಟೀನ್ ಮೇಲ್ವಿಚಾರಕರಾಗಿದ್ದರು. ಅವರ ತಮ್ಮ ಫೋನ್ ಮಾಡಿ ಹೇಳಿದಾಗಲೇ ತಿಳಿದದ್ದು. ಆವತ್ತು ಇಡೀ ದಿನ ಕೆಲಸ ಮಾಡಲು ಆಗಲಿಲ್ಲ.

ವೆಬ್‌ಸೈಟಿನಲ್ಲಿ ಇದು ಇನ್ನೂ ಜಾಸ್ತಿ. ಜಾಗದ ಕೊರತೆ ಅಲ್ಲಿ ಇಲ್ಲ, ಆದರೂ ಹಾಕುತ್ತಾರೆ. ‘ಮಹಿಳೆ ದೂರು’ ಅಂದರೆ ಓದದವರು ‘ಮಹಿಳಾ ಟೆಕ್ಕಿ ದೂರು’ ಅಂದರೆ ಓದುತ್ತಾರೆ ಅನ್ನುವ ನಂಬಿಕೆ ಬಲವಾಗಿದೆ. ಬಸವ ಅವರು ಹೇಳಿದ ಸಂಬಳದ ಧ್ವನಿ ಇದೇ. ಇಷ್ಟು ಓದಿ, ಇಷ್ಟು ದುಡಿಯುವವರಿಗೂ ಹೀಗಾಯಿತಾ ಅಂತ ಓದುಗ ನಿಲ್ಲಬೇಕು. ಆ ಬೆರಗನ್ನು ಎರಡು ಅಕ್ಷರದಲ್ಲಿ ತರುತ್ತಾರೆ.

ಮಂಡ್ಯ ಮಲ್ಲಿಗೆ

‘ಡೆಲಿವರಿ ಬಾಯ್’ ಬಗ್ಗೆಯೂ ಯಾರಾದರೂ ಮಾತಾಡಿ. ನಮ್ಮ ಯಜಮಾನರಿಗೆ 43 ವರ್ಷ, ಇಬ್ಬರು ಮಕ್ಕಳು. ನಾಯಿ ಅಡ್ಡ ಬಂದು ಬಿದ್ದಾಗ ಒಂದು ಜಾಲತಾಣದಲ್ಲಿ ‘ಡೆಲಿವರಿ ಬಾಯ್‌ಗೆ ಗಾಯ’ ಅಂತ ಬಂತು. ಮಗ ಓದಿ ‘ಅಪ್ಪ ಬಾಯಾ?’ ಅಂತ ಕೇಳಿದ. ಮೇಷ್ಟ್ರು ಹೇಳಿದ ಗೌರವದ ಮಾತು ಇಲ್ಲಿಗೂ ಸೇರುತ್ತದೆ.

ತಿಪಟೂರಿನವಳು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮಲ್ಲಿಗೆ ಅಕ್ಕ, ನೀವು ಹೇಳಿದ್ದು ನನ್ನ ಮಾತಿಗಿಂತ ಗಟ್ಟಿ. ನಮಗೆ ಸಂಬಳವಾದರೂ ಇದೆ.

ಧಾರವಾಡದವರೇ, ಟ್ರ್ಯಾಕ್ಟರಿನ ಉದಾಹರಣೆ ಒಪ್ಪುತ್ತೇನೆ. ಅಲ್ಲಿ ಕೆಲಸವೇ ಸುದ್ದಿ. ಐಟಿ ಕಂಪನಿಗಳ ಸಾಲು ಇರುವ ಜಾಗಕ್ಕೇ ನೀರು ನುಗ್ಗಿ, ಆಫೀಸಿಗೆ ಟ್ರ್ಯಾಕ್ಟರಿನಲ್ಲಿ ಹೋದರು. ಸಾವೂ ಆ ಚಿತ್ರದಲ್ಲಿ ಇರಲಿಲ್ಲ, ನಗು ಇತ್ತು. ಸಲುಗೆ ಮಾತು ಅಲ್ಲಿ ನಡೆಯುತ್ತದೆ. ಆದರೆ ಲಾರಿ ಗುದ್ದುವಾಗ ನಮ್ಮ ಹುಡುಗ ಕೋಡ್ ಬರೆಯುತ್ತಿರಲಿಲ್ಲ. ಬೈಕ್ ಓಡಿಸುತ್ತಿದ್ದ. ಆ ರಸ್ತೆಯಲ್ಲಿ ದೀಪ ಇತ್ತೋ ಇಲ್ಲವೋ, ಲಾರಿ ಯಾವ ಕಡೆಯಿಂದ ಬಂತು, ಹೆಲ್ಮೆಟ್ ಇತ್ತಾ, ಇದ್ಯಾವುದೂ ಸುದ್ದಿಯಲ್ಲಿ ಇರಲಿಲ್ಲ. ಹೆಸರು ಮೂರನೇ ಸಾಲಿನಲ್ಲಿ ಇತ್ತು. ತಲೆಬರಹದಲ್ಲಿ ಅವನ ಕೆಲಸ ಮಾತ್ರ ಇತ್ತು.

ಇನ್ನೊಂದು ಗಮನಿಸಿದ್ದೇನೆ. 2024ರ ಜುಲೈನಲ್ಲಿ ನಮ್ಮ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆವರೆಗೆ ಏರಿಸುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು. ಆ ದಿನಗಳಲ್ಲಿ ನಾನು ಓದಿದ ಕನ್ನಡ ಸುದ್ದಿಯಲ್ಲಿ ‘ಐಟಿ ಉದ್ಯೋಗಿಗಳು’, ‘ನೌಕರರು’ ಅನ್ನುವ ಪದಗಳು ಸುಮಾರು ಕಡೆ ಕಂಡವು. ನೌಕರರು ಅಂದಾಗ ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಬೆನ್ನು ನೋವು ಬರುವ, ಮಗುವನ್ನು ಯಾರ ಹತ್ತಿರ ಬಿಡುವುದು ಅಂತ ಯೋಚಿಸುವ ಮನುಷ್ಯರು ಅಂತ ಯಾರೋ ಗುರುತಿಸಿದ ಹಾಗಾಯಿತು. ಅಂದರೆ ಪದ ಇಲ್ಲ ಅಂತಲ್ಲ. ಪದ ಇದೆ. ಬೇಕಾದಾಗ ಸಿಗುತ್ತದೆ.

ಹಳೇ ಡೆಸ್ಕಿನವನು

ತಂಗಿ, ನಿಮ್ಮ ಕೊನೆಯ ಮಾತು ಓದಿ ನಿನ್ನೆ ರಾತ್ರಿ ಹಳೇ ಅಭ್ಯಾಸದಂತೆ ಕಾಗದ, ಪೆನ್ಸಿಲ್ ಹಿಡಿದು ಕೂತೆ. ನಿಮ್ಮ ಹುಡುಗನ ಸುದ್ದಿಗೆ ನಾನು ಈಗ ತಲೆಬರಹ ಕೊಡುವುದಾದರೆ ಏನು ಕೊಡುತ್ತೇನೆ ಅಂತ.

‘ಲಾರಿ ಡಿಕ್ಕಿ: ಬೈಕ್ ಸವಾರ ಸಾವು’. ಇದು ಮೊದಲು ಬಂತು. ಅಪಘಾತಕ್ಕೆ ಕನ್ನಡದಲ್ಲಿ ತಯಾರಾಗಿ ಕೂತಿರುವ ಪದ ‘ಸವಾರ’. ಓದಿದ ಕೂಡಲೇ ರಸ್ತೆ ಕಾಣುತ್ತದೆ. ಟೆಕ್ಕಿಗಿಂತ ಮೂರು ಅಕ್ಷರ ಜಾಸ್ತಿ, ಅಷ್ಟೇ. ಇಷ್ಟು ವರ್ಷ ಜಾಗ ಇಲ್ಲ ಅಂತ ನಾನು ನಂಬಿಕೊಂಡಿದ್ದೆನಲ್ಲ, ಆ ಮೂರು ಅಕ್ಷರಕ್ಕೆ ಜಾಗ ಇತ್ತು.

ಆಮೇಲೆ ಇನ್ನೊಂದು ಹೊಳೆಯಿತು. ನಾವು ಜಿಲ್ಲಾ ಆವೃತ್ತಿ ಮಾಡುವಾಗ ಇದೇ ಸುದ್ದಿ ತುಮಕೂರು ಪುಟಕ್ಕೆ ಹೋದರೆ ಬೇರೆ ತಲೆಬರಹ ಕೊಡುತ್ತಿದ್ದೆವು. ಬೆಂಗಳೂರು ಪುಟದಲ್ಲಿ ಟೆಕ್ಕಿ ಆದವನು ತುಮಕೂರು ಪುಟದಲ್ಲಿ ಊರಿನ ಹುಡುಗ ಆಗುತ್ತಿದ್ದ. ಒಂದೇ ರಾತ್ರಿ, ಒಂದೇ ಮೇಜು, ಒಂದೇ ಸಾವು. ಎರಡನೆಯದನ್ನು ಬರೆಯುವಾಗ ಓದುವವರಲ್ಲಿ ಅವನ ಮನೆಯವರೂ ಇರುತ್ತಾರೆ ಅನ್ನುವುದು ನಮ್ಮ ತಲೆಯಲ್ಲಿ ಇರುತ್ತಿತ್ತು. ಮೊದಲನೆಯದರಲ್ಲಿ ಇರುತ್ತಿರಲಿಲ್ಲ.

ಕೊನೆಗೆ ನಾನು ಕಾಗದದ ಮೇಲೆ ಬರೆದಿಟ್ಟದ್ದು ಇದು: ‘ಲಾರಿ ಡಿಕ್ಕಿ: ತಿಪಟೂರಿನ ಯುವಕ ಸಾವು’.

ತಿಪಟೂರಿನವಳು

ಅಣ್ಣಾ, ಎಣಿಸಿದೆ. ಹದಿನಾಲ್ಕು ಅಕ್ಷರ. ಒಂದು ಕಾಲಂನಲ್ಲಿ ಹಿಡಿಯುತ್ತದಾ?

ಹಳೇ ಡೆಸ್ಕಿನವನು

ಮೂರು ಸಾಲು ಮಾಡಿದರೆ ಹಿಡಿಯುತ್ತದೆ ತಂಗಿ.